ಕಿರುಬೆರಳಿನ ಜಾಗ

ಜೂನ್ 4

ಮೊಳೆ,

ಎರಡು ತಿಂಗಳಿಗೆ ಮೂರು ಸಾಲು ಬರೆದಿದ್ದೀಯ, ನಾವಿಟ್ಟ ಅಡ್ಡಹೆಸರಿನ ಹಾಗೆ ಮೊಳೆಯಷ್ಟೇ ಉದ್ದ. ಚೆನ್ನಾಗಿದ್ದೇನೆ, ಕೆಲಸ ಜಾಸ್ತಿ, ಅಮ್ಮನಿಗೆ ಹೇಳಿ. ಇಷ್ಟಕ್ಕೆ ಅಂಚೆಯವನು ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಬರಬೇಕಾಯಿತು. ಅವನ ಚಪ್ಪಲಿಯ ಅಟ್ಟೆ ಬೇರೆ ಬಿಟ್ಟುಕೊಂಡಿತ್ತು, ಪುಕ್ಕಟೆ ಹೊಲಿದುಕೊಟ್ಟೆ. ನಿನ್ನ ಮುಂದಿನ ಕಾಗದ ಬೇಗ ತರಲಿ ಅಂತ ಕೊಟ್ಟ ಲಂಚ ಅಂದುಕೋ.

ನಿಮ್ಮಮ್ಮ ಆ ಮೂರು ಸಾಲನ್ನು ನನ್ನ ಕೈಲಿ ಐದು ಸಲ ಓದಿಸಿದಳು. ಅವಳ ಕಣ್ಣು ಈಗ ಸಣ್ಣ ಅಕ್ಷರಕ್ಕೆ ಸಾಲುವುದಿಲ್ಲ. ಮೆಷಿನ್ ಮುಂದೆ ಕೂತು ಬೂಟಿನ ಮೇಲ್ಚರ್ಮವನ್ನು ಬೆರಳಿನ ಅಂದಾಜಿನಲ್ಲೇ ಹೊಲಿಯುತ್ತಾಳೆ. ಹೊಲಿಗೆ ಮಾತ್ರ ಗೆರೆ ಎಳೆದ ಹಾಗೆ ನೇರ. ಸೂಜಿಗೆ ದಾರ ಪೋಣಿಸಲು ನನ್ನನ್ನು ಕೂಗುತ್ತಾಳೆ, ಅಷ್ಟೇ. ಐದನೆಯ ಸಲ ಓದಿ ಮುಗಿಸಿದಾಗ, "ಅಷ್ಟೇನಾ? ಹಿಂದುಗಡೆ ಏನೂ ಬರೆದಿಲ್ವಾ?" ಅಂದಳು. ಕಾಗದ ತಿರುಗಿಸಿ ತೋರಿಸಿದೆ.

ಹೋದ ವಾರ ಸೈನ್ಯದ ಹಸಿರು ಜೀಪು ನಮ್ಮ ಬೀದಿಗೆ ಬಂತು. ಅದು ಯಾಕೆ ಬರುತ್ತದೆ ಅಂತ ಈಗ ಮಕ್ಕಳಿಗೂ ಗೊತ್ತು. ಎಲ್ಲರೂ ಬಾಗಿಲಿಗೆ ಬಂದು ನಿಂತರು. ನಾನು ಬಾಯಲ್ಲಿ ಮೊಳೆ ಕಚ್ಚಿಕೊಂಡು ಸುತ್ತಿಗೆ ಎತ್ತಿದವನು ಹಾಗೇ ಕೂತುಬಿಟ್ಟೆ. ಒಳಗೆ ನಿಮ್ಮಮ್ಮನ ಮೆಷಿನ್ ನಿಂತುಹೋಯಿತು. ಜೀಪು ನಮ್ಮ ಅಂಗಡಿ ದಾಟಿ ಇಸ್ತ್ರಿಯವಳ ಮನೆ ಮುಂದೆ ನಿಂತಿತು. ನಮ್ಮ ಮನೆಯಲ್ಲವಲ್ಲ ಅಂತ ಒಂದು ಕ್ಷಣ ಜೀವಕ್ಕೆ ಹಾಯೆನಿಸಿತು. ಆಮೇಲೆ ಅವಳು ಕೂಗಿದ್ದು ಕೇಳಿಸಿತು. ಹಾಯೆನಿಸಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆ. ಅವಳ ಹಿರಿಮಗ ನಿನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಅವಳಿನ್ನೂ ಅಂಗಡಿ ತೆಗೆದಿಲ್ಲ. ಬೀದಿಯವರೆಲ್ಲ ಸುಕ್ಕುಬಟ್ಟೆಯಲ್ಲೇ ಓಡಾಡುತ್ತಿದ್ದೇವೆ, ಬೇರೆ ಕಡೆ ಇಸ್ತ್ರಿಗೆ ಕೊಡಲು ಯಾರಿಗೂ ಮನಸ್ಸಾಗಿಲ್ಲ.

ಕೆಲಸದ ಮಾತಿಗೆ ಬರುತ್ತೇನೆ. ಒಳ್ಳೆಯ ಕಂದು ಚರ್ಮ ಸಿಕ್ಕಿದೆ, ಗಿರಾಕಿಗೆ ಕೊಡಲು ಮನಸ್ಸಿಲ್ಲ. ನೀನು ರಜೆಗೆ ಬಂದಾಗ ಹಾಕಿಕೊಳ್ಳಲು ಒಂದು ಜೊತೆ ಬೂಟು ಮಾಡುತ್ತೇನೆ. ನಿನ್ನ ಪಾದದ ಮರದ ಅಚ್ಚು ಗೂಡಿನಲ್ಲೇ ಇದೆ, ಆದರೆ ಅದು ಹದಿನೆಂಟರ ಹುಡುಗನದು. ಮೂರು ವರ್ಷ ಸರ್ಕಾರಿ ಬೂಟಿನಲ್ಲಿ ನಡೆದ ಪಾದ ಅಗಲವಾಗಿರುತ್ತದೆ. ಆದ್ದರಿಂದ ಹೊಸ ಅಳತೆ ಕಳಿಸು. ಹಾಳೆಯ ಮೇಲೆ ನಿಂತುಕೋ, ಕೂತು ಬರೆಯಬೇಡ. ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತಲೂ ಗೆರೆ ಎಳಿ. ಎರಡೂ ಪಾದ ಬೇರೆ ಬೇರೆ ಬರಿ. ಎರಡು ಪಾದ ಒಂದೇ ಥರ ಇರುವ ಮನುಷ್ಯ ನನ್ನ ಅಂಗಡಿಗೆ ಇನ್ನೂ ಬಂದಿಲ್ಲ.

ನಿನ್ನ ದಾರಿ ನೋಡುತ್ತಿರುವ,
ಅಪ್ಪ

ಜೂನ್ 22

ಅಪ್ಪ,

ನಿಮ್ಮ ಬೈಗುಳ ತಲುಪಿತು. ಅಂಚೆಯವನ ಅಟ್ಟೆ ಗಟ್ಟಿಯಾಗಿರಲಿ.

ನನ್ನನ್ನು ಈಗ ಗಡಿಯಿಂದ ಹಿಂದಕ್ಕೆ ಕರೆಸಿ ಕಚೇರಿ ಕೆಲಸಕ್ಕೆ ಹಾಕಿದ್ದಾರೆ. ದಿನವಿಡೀ ಕೂತಿರುವುದೇ. ಅಮ್ಮನಿಗೆ ಹೇಳಿ, ಗುಂಡಿನ ಸದ್ದು ಕೂಡ ಇಲ್ಲಿಗೆ ಕೇಳಿಸುವುದಿಲ್ಲ. ಹೊತ್ತು ಹೊತ್ತಿಗೆ ಊಟ ಬರುತ್ತದೆ, ಮಲಗಲು ಮಂಚ ಇದೆ. ಕಿಟಕಿಯಿಂದ ನೀರಿನ ತೊಟ್ಟಿಯೊಂದು, ಬಟ್ಟೆ ಒಣಗಿಸುವ ತಂತಿಯೊಂದು ಕಾಣಿಸುತ್ತದೆ. ತಂತಿಯ ಮೇಲೆ ಯಾವಾಗಲೂ ಬಿಳಿ ಬಟ್ಟೆ.

ಪಕ್ಕದ ಮಂಚದಲ್ಲಿ ನಮ್ಮ ದಳದ ಅಡುಗೆಯವನಿದ್ದಾನೆ. ಅವನನ್ನು ಎಲ್ಲರೂ ಉಪ್ಪು ಅಂತ ಕರೆಯುತ್ತಾರೆ, ಯಾಕೆ ಅಂತ ಅವನ ಸಾರು ಉಂಡವರಿಗೆ ಗೊತ್ತು. ಒಲೆಯ ಹತ್ತಿರದ ಕೆಲಸವಲ್ಲವೇ, ಕೈ ಸ್ವಲ್ಪ ಸುಟ್ಟುಕೊಂಡಿದ್ದಾನೆ. ಅವನ ಕಾಗದಗಳನ್ನು ನಾನೇ ಬರೆದುಕೊಡುತ್ತೇನೆ. "ಚೆನ್ನಾಗಿದೀನಿ ಅಂತ ಬರಿ, ಇನ್ನೂ ಸ್ವಲ್ಪ ಚೆನ್ನಾಗಿ ಬರಿ" ಅನ್ನುತ್ತಾನೆ. ಅವನ ಅಮ್ಮನಿಗೆ ಅವನೊಬ್ಬನೇ ಮಗ.

ಅಳತೆಯ ಹಾಳೆಗಳು ಇದರ ಜೊತೆ ಇವೆ. ಬೂಟಿಗೆ ಅವಸರವಿಲ್ಲ. ರಜೆ ಯಾವಾಗ ಅಂತ ಈಗಲೇ ಕೇಳಬೇಡಿ, ನನಗೂ ಗೊತ್ತಿಲ್ಲ.

ಮೊಳೆ

ಜುಲೈ 9

ಸೈನ್ಯದ ಕಚೇರಿಯ ಸಾಹೇಬರಿಗೆ,

ನಾನು ಬೂಟು ಮಾಡುವವನು. ಅರ್ಜಿ ಬರೆದು ರೂಢಿಯಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಮಗನ ಸೈನ್ಯದ ನಂಬರನ್ನು ಲಕೋಟೆಯ ಮೇಲೆ ಬರೆದಿದ್ದೇನೆ.

ನನ್ನ ಮಗನಿಗೆ ಎಡಗಾಲು ಇದೆಯೋ ಇಲ್ಲವೋ, ಅದನ್ನು ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಹೇಗೆ ಅನುಮಾನ ಬಂತು ಅಂತ ನೀವು ಕೇಳಬಹುದು. ಬೂಟಿಗಾಗಿ ಎರಡೂ ಪಾದದ ಗೆರೆ ಎಳೆದು ಕಳಿಸು ಅಂದಿದ್ದೆ, ಕಳಿಸಿದ್ದಾನೆ. ಬಲಗಾಲಿನ ಗೆರೆ ನೋಡಿದಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಎರಡು ಕಾಲ ಮೇಲೆ ನಿಂತವನ ಪಾದ ಅಷ್ಟು ಹರಡುವುದಿಲ್ಲ. ಮೈಭಾರವೆಲ್ಲ ಒಂದೇ ಕಾಲಿಗೆ ಬಿದ್ದರೆ ಹಾಗಾಗುತ್ತದೆ. ಆಮೇಲೆ ಒಂದು ಹಾಳೆಯನ್ನು ಮಗುಚಿ ಇನ್ನೊಂದರ ಮೇಲಿಟ್ಟು ಬೆಳಕಿಗೆ ಹಿಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬಲಗಾಲನ್ನೇ ತಿರುಗಿಸಿ ಬರೆದು ಎಡಗಾಲು ಅಂತ ಕಳಿಸಿದ್ದಾನೆ.

ಇದೆಲ್ಲ ಬಿಡಿ, ಹೊರಗಿನವರೂ ಕಂಡುಹಿಡಿಯಬಹುದು. ನನಗೆ ಖಚಿತವಾದದ್ದು ಕಿರುಬೆರಳು ನೋಡಿ. ಆರು ವರ್ಷದವನಿದ್ದಾಗ ನನ್ನ ಅಂಗಡಿಯಲ್ಲಿ ಅವನ ಎಡಗಾಲಿನ ಮೇಲೆ ಕಬ್ಬಿಣ ಬಿತ್ತು. ಚಪ್ಪಲಿಯನ್ನು ಬೋರಲು ಹಾಕಿ ಮೊಳೆ ಹೊಡೆಯಲು ಇಟ್ಟುಕೊಳ್ಳುವ ಕಬ್ಬಿಣದ ಪಾದ ಅದು, ಸಾಕಷ್ಟು ಭಾರ. ಅವತ್ತಿನಿಂದ ಆ ಬೆರಳು ಡೊಂಕಾಗಿ ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ. ಅವನ ಎಡ ಅಚ್ಚಿಗೆ ಆ ಜಾಗದಲ್ಲಿ ಚರ್ಮದ ತುಂಡು ಅಂಟಿಸಿ ಉಬ್ಬು ಮಾಡಿದ್ದೇನೆ, ಬೂಟಿನಲ್ಲಿ ಬೆರಳಿಗೆ ಜಾಗವಾಗಲಿ ಅಂತ. ಅವನು ಕಳಿಸಿದ ಹಾಳೆಯಲ್ಲಿ ಕಿರುಬೆರಳು ನೆಟ್ಟಗಿದೆ.

ಕಾಲು ಹೋಗಿದ್ದರೆ ಎಲ್ಲಿಯವರೆಗೆ ಅನ್ನುವುದನ್ನೂ ತಿಳಿಸಿ. ನಾನು ಬರೆದದ್ದು ಅವನಿಗೆ ಗೊತ್ತಾಗಬಾರದು. ನನ್ನ ಹೆಂಡತಿಗೂ ನಾನು ಹೇಳಿಲ್ಲ.

ತಮ್ಮ ಉತ್ತರಕ್ಕೆ ಕಾದಿರುವ,
ಬೂಟಿನ ಅಂಗಡಿಯವನು

ಜುಲೈ 30

ಬೂಟಿನ ಯಜಮಾನರಿಗೆ,

ನಾನು ಸೈನಿಕ ಆಸ್ಪತ್ರೆಯಲ್ಲಿ ಮರದ ಕೈಕಾಲು ಮಾಡುವ ಮೇಸ್ತ್ರಿ. ನಿಮ್ಮ ಅರ್ಜಿ ಸೈನ್ಯದ ಕಚೇರಿಯಿಂದ ಇಲ್ಲಿಯ ಕಚೇರಿಗೆ ಬಂದಿದೆ. ಅವರು ಉತ್ತರ ಕೊಡುವಂತಿಲ್ಲ, ಏಕೆಂದರೆ ಮನೆಗೆ ತಿಳಿಸಬಾರದು ಅಂತ ನಿಮ್ಮ ಮಗ ಬರೆದು ಸಹಿ ಹಾಕಿಕೊಟ್ಟಿದ್ದಾನೆ. ಗುಮಾಸ್ತರು ನಿಮ್ಮ ಕಾಗದವನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಕೈಕಸುಬಿನವನ ಕಾಗದಕ್ಕೆ ಕೈಕಸುಬಿನವನೇ ಉತ್ತರ ಕೊಡಲಿ ಅಂದುಕೊಂಡರೋ ಏನೋ.

ನಿಮ್ಮ ಅನುಮಾನ ನಿಜ. ಎಡಗಾಲು ಮಂಡಿಯಿಂದ ಒಂದು ಗೇಣು ಕೆಳಗಿನವರೆಗೆ ಉಳಿದಿದೆ. ಏಪ್ರಿಲ್‌ನಲ್ಲಿ ಆದದ್ದು. ಸಾಮಾನಿನ ಲಾರಿ ನೆಲಬಾಂಬಿನ ಮೇಲೆ ಹತ್ತಿತು. ನಿಮ್ಮ ಮಗ ಹೊರಗೆ ಬಿದ್ದಿದ್ದ, ಪಾದ ಆಗಲೇ ನುಚ್ಚುನೂರಾಗಿತ್ತು. ಅಡುಗೆಯವನು ಒಳಗೆ ಸಿಕ್ಕಿಹಾಕಿಕೊಂಡಿದ್ದ, ಲಾರಿಗೆ ಬೆಂಕಿ ಹತ್ತಿತ್ತು. ನಿಮ್ಮ ಮಗ ಬೆಲ್ಟಿನಿಂದ ತೊಡೆ ಬಿಗಿದುಕೊಂಡು, ತೆವಳಿಕೊಂಡು ಹೋಗಿ ಅವನನ್ನು ಹೊರಗೆ ಎಳೆದ. ಇದನ್ನು ಹೇಳಿದವನು ಆ ಅಡುಗೆಯವನೇ. ನಿಮ್ಮ ಮಗನನ್ನು ಕೇಳಿದರೆ, "ಲಾರಿ ಕೆಟ್ಟೋಯ್ತು" ಅನ್ನುತ್ತಾನೆ.

ಕಾಲು ಮಾಡಿಕೊಟ್ಟು ತಿಂಗಳಾಯಿತು. ಒಳ್ಳೆಯ ಹಗುರ ಮರ, ಅಳತೆಯೂ ಸರಿಯಿದೆ. ಅವನು ತೊಡುವುದಿಲ್ಲ. ಕಂಬಳಿಯಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟಿದ್ದಾನೆ. ಬೆಂಕಿಯೊಳಗೆ ಕೈ ಹಾಕಿದವನು ನಾಲ್ಕು ಹೆಜ್ಜೆ ಇಡಲು ಹೆದರುತ್ತಾನಲ್ಲ ಅಂತ ಹೊಸ ದಾದಿಯರಿಗೆ ಆಶ್ಚರ್ಯ. ನನಗಿಲ್ಲ. ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ. ಅವತ್ತು ಯೋಚನೆ ಮಾಡಲು ಹೊತ್ತಿರಲಿಲ್ಲ. ಈಗ ಯೋಚನೆ ಬಿಟ್ಟು ಬೇರೆ ಕೆಲಸವಿಲ್ಲ.

ಮನೆಯವರು ಬೈದರೂ ಇಲ್ಲಿಯ ಗಾಯಾಳುಗಳು ತಡೆದುಕೊಳ್ಳುತ್ತಾರೆ, ಅತ್ತರೆ ಮಾತ್ರ ತಡೆದುಕೊಳ್ಳಲಾರರು. ಅವನೇ ಬಾಯಿಬಿಡುವವರೆಗೆ ಕಾಯುವುದು ಒಳ್ಳೆಯದು. ಆದರೆ ತುಂಬಾ ದಿನ ಕಾಯಬೇಡಿ.

ಮರದ ಕಾಲಿನ ಮೇಸ್ತ್ರಿ

ಆಗಸ್ಟ್ 12

ಮೊಳೆ,

ಬೂಟು ತಡವಾಗುತ್ತಿದೆ. ಕೈ ಕೆಲಸಕ್ಕೆ ಬರುತ್ತಿಲ್ಲ. ಶಾಲೆಯ ಟೀಚರಮ್ಮನ ಚಪ್ಪಲಿಗೆ ಎಡದ ಬಾರು ಬಲಕ್ಕೆ ಹಾಕಿ ಕಳಿಸಿದೆ. ಅವರು ಎರಡು ದಿನ ಹಾಗೇ ನಡೆದು ಮೂರನೆಯ ದಿನ ಬಂದು, "ಏನು ಯಜಮಾನ್ರೇ, ನಾನು ಶಾಲೆಗೆ ಹೊರಟರೆ ಕಾಲು ಬೇರೆ ಕಡೆಗೇ ಹೋಗುತ್ತಲ್ಲ" ಅಂದರು. ನಗಬೇಕಾಗಿತ್ತು, ನಗು ಬರಲಿಲ್ಲ.

ನಿನಗೆ ಒಂದು ವಿಷಯ ಹೇಳಬೇಕು. ಇಷ್ಟು ದಿನ ಹೇಳದೆ ಇದ್ದದ್ದು.

ಆ ಕಬ್ಬಿಣದ ಪಾದ ನಿನ್ನ ಎಡಗಾಲಿನ ಕಿರುಬೆರಳ ಮೇಲೆ ಬಿದ್ದದ್ದು ನೆನಪಿದೆಯೇ? ಅವತ್ತು ನಾನು ಯಾರದೋ ಮೇಲಿನ ಸಿಟ್ಟನ್ನು ಅದರ ಮೇಲೆ ತೀರಿಸಿಕೊಂಡು ಜೋರಾಗಿ ಸರಿಸಿದೆ. ಅದು ಹಲಗೆಯಿಂದ ಉರುಳಿತು. ಕೆಳಗೆ ನೀನು ಮೊಳೆ ಆರಿಸುತ್ತಾ ಕೂತಿದ್ದೆ. ನಿಮ್ಮಮ್ಮ ಓಡಿ ಬಂದಾಗ, ಹುಡುಗ ಎಳೆದು ಬೀಳಿಸಿಕೊಂಡ ಅಂದುಬಿಟ್ಟೆ. ನೀನು ಅಳುತ್ತಿದ್ದವನು ನನ್ನ ಮುಖ ನೋಡಿ, "ಹೌದಮ್ಮ, ನಾನೇ ಎಳೆದೆ" ಅಂದೆ. ಆರು ವರ್ಷದ ಮಗು ಅಪ್ಪನನ್ನು ಕಾಪಾಡಿದ್ದು. ಆಮೇಲೆ ನಾವಿಬ್ಬರೂ ಅದರ ಮಾತೇ ಎತ್ತಲಿಲ್ಲ.

ಪ್ರತಿ ವರ್ಷ ಹೊಸ ಬೂಟು ತೊಡಿಸಿ, ಕಿರುಬೆರಳು ಒತ್ತುತ್ತಾ ಅಂತ ಕೇಳುತ್ತಿದ್ದೆ. ನೀನು, "ಇಲ್ಲಪ್ಪ" ಅನ್ನುತ್ತಿದ್ದೆ. ತಿಂಗಳು ಕಳೆದ ಮೇಲೆ ಬೂಟಿನೊಳಗೆ ಕೈಹಾಕಿ ನೋಡಿದರೆ ಆ ಜಾಗದಲ್ಲಿ ಚರ್ಮ ಸವೆದಿರುತ್ತಿತ್ತು. ಉಬ್ಬು ಇನ್ನಷ್ಟು ದೊಡ್ಡದು ಮಾಡುತ್ತಿದ್ದೆ. ಮರುವರ್ಷ ಮತ್ತೆ ಕೇಳುತ್ತಿದ್ದೆ, ನೀನು ಮತ್ತೆ ಇಲ್ಲ ಅನ್ನುತ್ತಿದ್ದೆ.

ಇವತ್ತು ನಿಮ್ಮಮ್ಮನ ಹತ್ತಿರ ತಪ್ಪೊಪ್ಪಿಕೊಂಡೆ. ಅವಳು ಮೆಷಿನ್ ನಿಲ್ಲಿಸದೆ ಹೇಳಿದಳು, "ಆರು ವರ್ಷದ ಕೂಸು ಆ ಕಬ್ಬಿಣ ಎಳೆಯೋಕೆ ಆಗುತ್ತಾ? ನಂಗೆ ಅವತ್ತೇ ಗೊತ್ತಿತ್ತು."

"ಮತ್ತೆ ಯಾಕೆ ಸುಮ್ನಿದ್ದೆ?"

"ಅಪ್ಪ ಮಗ ಇಬ್ರೂ ಸೇರಿ ಹೇಳ್ತಿದ್ರಿ. ಒಬ್ರಾದ್ರೂ ಬಾಯಿ ಬಿಡ್ತೀರಾ ಅಂತ ಕಾಯ್ತಾ ಇದ್ದೆ. ಹದಿನೈದು ವರ್ಷ ಆಯ್ತು ನೋಡಿ."

ಇಷ್ಟೇ ಮೊಳೆ. ಹೇಳಿದ ಮೇಲೆ ಮನೆಯೇನೂ ಬಿದ್ದುಹೋಗಲಿಲ್ಲ. ರಾತ್ರಿ ಎಂದಿನಂತೆ ಊಟ ಬಡಿಸಿದಳು. ನಿನಗೂ ಹೇಳಬೇಕಾದದ್ದು ಏನಾದರೂ ಇದ್ದರೆ ಬರಿ. ನಾನು ಬೈಯುವುದಿಲ್ಲ, ಅಳುವುದೂ ಇಲ್ಲ.

ಅಪ್ಪ

ಸೆಪ್ಟೆಂಬರ್ 1

ಅಪ್ಪ,

ನಿಮ್ಮ ಕಾಗದದಲ್ಲಿ ಕಿರುಬೆರಳು ಅನ್ನುವ ಮಾತಿಗೆ ಬಂದಾಗ ನನ್ನ ಕೈಕಾಲು ತಣ್ಣಗಾಯಿತು. ಕಾಲು ಅಂದರೆ ಒಂದು ಕಾಲು. ನಿಮಗೆ ಗೊತ್ತಾಗಿದೆ. ಹಾಳೆ ಕೈಗೆ ಬಂದ ದಿನವೇ ಗೊತ್ತಾಗಿರಬೇಕು.

ಬಲಗಾಲಿನ ಗೆರೆ ಎಳೆದು, ಹಾಳೆಯನ್ನು ಮಗುಚಿ ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಅದರ ಮೇಲೆ ಇನ್ನೊಂದು ಹಾಳೆಯಿಟ್ಟು ಎಡಗಾಲು ಬರೆದೆ. ಉಪ್ಪು ಮಲಗಿದ್ದಲ್ಲಿಂದಲೇ ನೋಡುತ್ತಿದ್ದ. "ಬೂಟು ಮಾಡೋರಿಗೆ ಗೊತ್ತಾಗಲ್ವೇನೋ?" ಅಂದ. "ಅಳತೆ ಸರಿ ಇದ್ರೆ ಸಾಕು, ಅವರೇನು ಬೆರಳು ಎಣಿಸ್ತಾರಾ" ಅಂದೆ. ಆ ಬೆರಳು ಒತ್ತುತ್ತಿದ್ದದ್ದು ನನಗೆ ನೆನಪಿತ್ತು, ಅದು ಹೇಗೆ ಕಾಣುತ್ತಿತ್ತು ಅನ್ನುವುದು ನೆನಪಿರಲಿಲ್ಲ. ನಾನು ಯಾವತ್ತೂ ಅದನ್ನು ನಿಂತು ನೋಡಿದವನಲ್ಲ. ನೋಡುತ್ತಿದ್ದವರು ನೀವು.

ಉಪ್ಪು ಹೋದ ಅಪ್ಪ. ಆಗಸ್ಟ್ ಹದಿನಾರಕ್ಕೆ. ಕೈ ಸ್ವಲ್ಪ ಸುಟ್ಟಿದೆ ಅಂತ ನಿಮಗೆ ಬರೆದಿದ್ದೆ. ಸ್ವಲ್ಪ ಅಲ್ಲ, ಕುತ್ತಿಗೆಯಿಂದ ಸೊಂಟದವರೆಗೆ. ಡ್ರೆಸಿಂಗ್ ಬದಲಾಯಿಸುವಾಗ ಹಲ್ಲು ಕಚ್ಚಿ ದಾದಿಗೆ ಸಾರಿನ ಹದ ಹೇಳಿಕೊಡುತ್ತಿದ್ದ, ಒಂದು ದಿನವೂ ಕೂಗಲಿಲ್ಲ. ಕೊನೆಯ ವಾರ ಜ್ವರ ಏರಿತು. ಆಗಲೂ ಅಮ್ಮನಿಗೆ ಕಾಗದ ಬರೆಸಿದ. ಚೆನ್ನಾಗಿದ್ದೇನೆ, ಗಾಯ ಮಾಯುತ್ತಿದೆ, ಬಂದು ನಿನಗೆ ಅಡುಗೆ ಮಾಡಿ ಬಡಿಸುತ್ತೇನೆ ಅಂತ. ಬರೆದ ಕೈ ನನ್ನದು.

ಅವರ ಮನೆಗೆ ಜೀಪು ಹೋಯಿತು. ನಾಲ್ಕು ದಿನದ ಮೇಲೆ, ಮೊದಲೇ ಅಂಚೆಗೆ ಹಾಕಿದ್ದ ಆ ಕಾಗದ ತಲುಪಿತು. ಅವನ ಅಮ್ಮ ಯಾರ ಕೈಲೋ ನನಗೆ ಬರೆಸಿದ್ದಾರೆ: "ಜೀಪಿನವರು ಬಂದು ಏನೇನೋ ಹೇಳಿಹೋದರು. ಅವರಿಗೆ ಮನೆ ತಪ್ಪಿರಬೇಕು. ನನ್ನ ಮಗ ಚೆನ್ನಾಗಿದ್ದಾನೆ ಅಂತ ಆಮೇಲೆ ಕಾಗದ ಬಂದಿದೆ. ಬರೆದವನು ನೀನೇ ಅಲ್ಲವೇನಪ್ಪ? ನಿಜ ಅಂತ ಒಂದು ಮಾತು ಬರೆದು ಹಾಕು."

ಅದಕ್ಕೆ ಉತ್ತರ ಬರೆಯಲು ನನಗೆ ಎರಡು ದಿನ ಹಿಡಿಯಿತು. ಅದನ್ನು ಬರೆದ ಕೈಗೆ ಇದನ್ನು ಬರೆಯುವುದು ಕಷ್ಟವಾಗಲಿಲ್ಲ.

ಎಡಗಾಲು ಮಂಡಿಯ ಕೆಳಗಿನಿಂದ ಇಲ್ಲ. ಮರದ್ದು ಮಾಡಿಕೊಟ್ಟಿದ್ದಾರೆ, ನೋಡಲು ಮನಸ್ಸಾಗುವುದಿಲ್ಲ. ಇಲ್ಲದ ಪಾದ ನೋಯುತ್ತದೆ, ಇದನ್ನು ಹೇಳಿದರೆ ನೀವು ನಂಬಲಾರಿರಿ. ಇಲ್ಲಿ ಕಾಲು ಹೋದವರಿಗೆಲ್ಲ ಹಾಗೇ ಅಂತೆ. ಒಬ್ಬೊಬ್ಬರಿಗೆ ಒಂದೊಂದು ಕಡೆ. ನನಗೆ ಕಿರುಬೆರಳು.

ಬೂಟು ಮಾಡಬೇಡಿ. ನಾನು ಮನೆಗೆ ಬರುವುದಿಲ್ಲ. ನಮ್ಮಂಥವರಿಗೆ ಅಂತ ಒಂದು ವಸತಿಮನೆ ಇದೆ, ಲಕೋಟೆ ಅಂಟಿಸುವ ಕೆಲಸ ಕೊಡುತ್ತಾರೆ. ಹೆಸರು ಕೊಟ್ಟಿದ್ದೇನೆ, ನವೆಂಬರ್ ಕೊನೆಗೆ ಅಲ್ಲಿಯ ವ್ಯಾನು ಬಂದು ಕರೆದುಕೊಂಡು ಹೋಗುತ್ತದೆ. ಬೂಟಿನ ಅಂಗಡಿಗೆ ಬರುವವರ ಕಣ್ಣು ಕೆಳಗೇ ಇರುತ್ತದೆ ಅಪ್ಪ. ಎಲ್ಲರೂ ಮೊದಲು ನನ್ನ ಕಾಲು ನೋಡುತ್ತಾರೆ, ಆಮೇಲೆ ನಿಮ್ಮ ಮುಖ. ಒಂದು ಬೆರಳನ್ನೇ ಹದಿನೈದು ವರ್ಷ ತಲೆಗೆ ಕಟ್ಟಿಕೊಂಡವರು ನೀವು. ಇದನ್ನೂ ದಿನಾ ನೋಡುತ್ತಾ ಕೂರುವುದು ಬೇಡ.

ಅಮ್ಮನಿಗೆ ಹೇಗೆ ಹೇಳಬೇಕೋ ನಿಮಗೆ ಬಿಟ್ಟದ್ದು.

ನಿಮ್ಮ ಮಗ

ಸೆಪ್ಟೆಂಬರ್ 12

ಮೇಸ್ತ್ರಿಗಳಿಗೆ,

ಮಗ ಬಾಯಿಬಿಟ್ಟಿದ್ದಾನೆ. ಅಳುವುದಿಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೆ, ಅಂಗಡಿಯ ಬಾಗಿಲು ಹಾಕಿಕೊಂಡು ಅತ್ತೆ. ಅವನಿಗೆ ಉತ್ತರ ಬರೆಯಲು ಮೂರು ಸಲ ಕೂತೆ, ಮೂರು ಸಲ ಎದ್ದೆ. ಬಾ ಅಂತ ಬರೆದರೆ ಅವನು ಬರುವುದಿಲ್ಲ, ಹಟಮಾರಿ. ಬರಬೇಡ ಅಂತ ಬರೆಯಲು ನನ್ನ ಕೈಲಾಗುವುದಿಲ್ಲ. ನನಗೆ ಬರುವ ಕೆಲಸ ಒಂದೇ.

ನೀವು ಮಾಡಿದ ಪಾದದ ಅಳತೆ ಕಳಿಸಿಕೊಡಿ. ಉದ್ದ, ಅಗಲ, ಮೇಲುಗಾಲಿನ ಸುತ್ತಳತೆ, ಹಿಮ್ಮಡಿಯ ಎತ್ತರ. ಮರದ ಪಾದ ಬೂಟಿನೊಳಗೆ ತಾನಾಗಿ ಬಗ್ಗುವುದಿಲ್ಲ ಅಂತ ಕೇಳಿದ್ದೇನೆ. ಹಾಗಾದರೆ ಬಾಯಿ ಎಷ್ಟು ಕೆಳಗಿನವರೆಗೆ ಬಿಚ್ಚಿಕೊಳ್ಳಬೇಕು, ಅದನ್ನೂ ಬರೆಯಿರಿ. ಇಂಥ ಬೂಟು ನಾನು ಇದುವರೆಗೆ ಮಾಡಿಲ್ಲ.

ಬೂಟಿನ ಅಂಗಡಿಯವನು

ಅಕ್ಟೋಬರ್ 21

ಮಗಾ,

ನಾನು ಅಮ್ಮ. ಅಕ್ಷರ ದಪ್ಪ ದಪ್ಪ ಇದೆ ಅಂತ ನಗಬೇಡ, ಸಣ್ಣದಾಗಿ ಬರೆದರೆ ನನಗೇ ಕಾಣುವುದಿಲ್ಲ. ಇದನ್ನು ಬರೆಯಲು ನಾಲ್ಕು ದಿನ ಆಯಿತು.

ನಿಮ್ಮಪ್ಪ ನನಗೆ ಹೇಗೆ ಹೇಳುವುದು ಅಂತ ಒದ್ದಾಡಿ ಒಣಗಿಹೋದರು. ನನಗೆ ಜುಲೈನಲ್ಲೇ ಗೊತ್ತು. ಮೇಲ್ಚರ್ಮ ಹೊಲಿಯುವವಳು ನಾನು. ಅಳತೆ ಬಂದಿದೆ ಅಂತಾರೆ, ಹಾಳೆ ಮಾತ್ರ ತೋರಿಸುವುದಿಲ್ಲ. ಒಂದು ದಿನ ಅವರು ಚರ್ಮ ತರಲು ಹೋದಾಗ ಅಚ್ಚಿನ ಗೂಡಿನಲ್ಲಿ ಹುಡುಕಿ ತೆಗೆದೆ. ಅಕ್ಷರ ಕಾಣದಿದ್ದರೇನು, ನನ್ನ ಮಗುವಿನ ಪಾದ ಕಾಣುವುದಿಲ್ಲವಾ? ಆ ಹಾಳೆ ಮಡಿಲಲ್ಲಿಟ್ಟುಕೊಂಡು ಒಬ್ಬಳೇ ಕೂತಿದ್ದೆ. ಅವರು ಬರುವ ಹೊತ್ತಿಗೆ ಇದ್ದಲ್ಲೇ ಇಟ್ಟೆ. ಅವರು ನನ್ನಿಂದ ಮುಚ್ಚಿಟ್ಟರು, ನಾನು ಅವರಿಂದ ಮುಚ್ಚಿಟ್ಟೆ, ನೀನು ಇಬ್ಬರಿಂದಲೂ ಮುಚ್ಚಿಟ್ಟೆ. ನಮ್ಮ ಮನೆಯ ಬುದ್ಧಿಗೆ ಬೆಂಕಿ ಹಾಕಬೇಕು.

ನನಗೆ ನಿನ್ನ ಮೇಲೆ ಸಿಟ್ಟಿದೆ. ಕಾಲು ಹೋದದ್ದಕ್ಕಲ್ಲ, ಆ ನೋವಿನಲ್ಲಿ ನನ್ನನ್ನು ಕರೆಯಲಿಲ್ಲವಲ್ಲ ಅಂತ. ಪ್ರತಿ ಸಲ ಜೀಪಿನ ಸದ್ದಿಗೆ ಬಾಗಿಲಿಗೆ ಓಡಿದವಳು ನಾನು. ಅದು ಬೇರೆ ಮನೆ ಮುಂದೆ ನಿಂತಾಗ, ನನ್ನ ಮಗ ಕ್ಷೇಮ ಅಂದುಕೊಂಡೆ. ಆಗ ನೀನು ಆಸ್ಪತ್ರೆಯಲ್ಲಿ ಬಿದ್ದಿದ್ದೆ.

ಇಸ್ತ್ರಿಯವಳು ಅಂಗಡಿ ತೆಗೆದಳು. ನಿನ್ನ ವಿಷಯ ಅವಳಿಗೆ ಹೇಳಿದೆ. ಅವಳು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ನನ್ನ ಮುಖ ನೋಡಿದಳು. "ಬದುಕಿದಾನಲ್ಲಕ್ಕ. ಬರಲ್ಲ ಅಂದ್ರೆ ಹೋಗಿ ಎಳ್ಕೊಂಡ್ ಬಾ. ನಾನಾಗಿದ್ರೆ ಬರೀ ಒಂದು ಕೈ ಬಂದಿದ್ರೂ ಹಿಡ್ಕೊಂಡು ಕೂರ್ತಿದ್ದೆ" ಅಂದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಬೂಟು ಕಳಿಸಿದ್ದೇವೆ. ಬಲಗಾಲಿನದು ನಿನ್ನ ಹಾಳೆಯ ಅಳತೆ. ಎಡಗಾಲಿನದು ಮೇಸ್ತ್ರಿ ಕಳಿಸಿದ ಅಳತೆ. ಅದನ್ನು ಮೂರು ಸಲ ಬಿಚ್ಚಿ ಮೂರು ಸಲ ಮಾಡಿದ್ದಾರೆ. ಮೂರನೆಯ ಸಲ ನನ್ನ ಕೈಗೆ ಬಂದಾಗ ಕಿರುಬೆರಳಿನ ಹತ್ತಿರ ಉಬ್ಬು ಸಿಕ್ಕಿತು. "ಮರದ ಪಾದಕ್ಕೆ ಇದು ಯಾಕೆ?" ಅಂದೆ. "ನನ್ನ ಕೈ ಮಾಡಿಬಿಡ್ತು, ಹಾಗೇ ಹೊಲಿ" ಅಂದರು. ಹಾಗೇ ಹೊಲಿದೆ.

ಮನೆ ಮುಂದಿನ ಮೂರು ಮೆಟ್ಟಿಲಿಗೆ ಕಬ್ಬಿಣದ ಕಂಬಿ ಹಾಕಿಸಿದ್ದಾರೆ. ಬೀದಿಯವರು ಕೇಳಿದರೆ, "ನಂಗೆ ವಯಸ್ಸಾಯ್ತು" ಅಂತಾರೆ. ಆ ವಸತಿಮನೆಗೆ ಹೋಗುತ್ತೀಯೋ ಇಲ್ಲಿಗೆ ಬರುತ್ತೀಯೋ ನೀನೇ ನೋಡು. ನನ್ನ ಸೂಜಿಗೆ ದಾರ ಪೋಣಿಸಲು ಒಬ್ಬರು ಬೇಕು, ನಿಮ್ಮಪ್ಪನ ಕಣ್ಣೂ ಮಂಜಾಗುತ್ತಿದೆ. ಅದಕ್ಕೆ ಕಾಲು ಬೇಕಾಗಿಲ್ಲ.

ಅವರು ಕಾಗದ ಬರೆಯುವುದಿಲ್ಲ ಅಂತ ಕೂತಿದ್ದಾರೆ. ಒಂದು ಮಾತು ಮಾತ್ರ ಕೇಳು ಅಂದರು. ಬೂಟು ಹಾಕಿಕೊಂಡು ನೋಡಿದ ಮೇಲೆ ಹೇಳಬೇಕಂತೆ, ಕಿರುಬೆರಳು ಒತ್ತುತ್ತಾ ಅಂತ.

ಅಮ್ಮ

ನವೆಂಬರ್ 17

ಅಮ್ಮಾ,

ನೀನೇ ಓದಿಕೊಳ್ಳಲಿ ಅಂತ ನಾನೂ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಅಪ್ಪನ ಕೈಗೆ ಕೊಟ್ಟರೆ ಸಾಲು ಹಾರಿಸುತ್ತಾರೆ.

ಪೆಟ್ಟಿಗೆ ಬಂದು ಹತ್ತು ದಿನ ಮಂಚದ ಕೆಳಗೆ, ಆ ಕಂಬಳಿಯ ಪಕ್ಕದಲ್ಲೇ ಇತ್ತು. ಬಿಚ್ಚಲು ಧೈರ್ಯ ಬರಲಿಲ್ಲ. ಚರ್ಮದ ವಾಸನೆ ಮಾತ್ರ ಬರುತ್ತಿತ್ತು, ನಮ್ಮ ಅಂಗಡಿಯ ವಾಸನೆ. ಹನ್ನೊಂದನೆಯ ದಿನ ಉಪ್ಪುವಿನ ಮಂಚಕ್ಕೆ ಹೊಸಬನೊಬ್ಬ ಬಂದ, ಎರಡು ಕಾಲೂ ಇಲ್ಲ. ಹತ್ತೊಂಬತ್ತು ವರ್ಷ. ಮೊದಲ ದಿನವೇ ನನ್ನನ್ನು ಕೇಳಿದ, "ಅಣ್ಣ, ನಿಮಗೆ ಕಾಲು ಬಂದಿದೆಯಂತಲ್ಲ, ಅದರಲ್ಲಿ ನಡೆಯೋಕಾಗುತ್ತಾ?" ಗೊತ್ತಿಲ್ಲ ಅಂತ ಹೇಳಲು ನಾಚಿಕೆಯಾಯಿತು.

ಮೇಸ್ತ್ರಿಯನ್ನು ಕರೆದೆ. ಅವರು ಬೂಟನ್ನು ತಿರುಗಿಸಿ ತಿರುಗಿಸಿ ನೋಡಿದರು, ಒಳಗೆ ಕೈಹಾಕಿ ನೋಡಿದರು. ಆ ಉಬ್ಬು ಅವರ ಬೆರಳಿಗೆ ಸಿಕ್ಕಿತು. ಮರದ ಪಾದಕ್ಕೆ ತೊಡಿಸಿ, ಆ ಖಾಲಿ ಜಾಗಕ್ಕೆ ಒಂದು ಚೂರು ಹತ್ತಿ ಇಟ್ಟರು. ಮಂಚದಿಂದ ಬಾಗಿಲಿಗೆ ಒಂಬತ್ತು ಹೆಜ್ಜೆ. ಮೂರನೆಯದಕ್ಕೆ ಬಿದ್ದೆ. ಎದ್ದೆ. ಆರನೆಯದಕ್ಕೆ ಮತ್ತೆ ಬಿದ್ದೆ, ತುಟಿ ಒಡೆಯಿತು. ಹೊಸಬ ಮಂಚದ ಮೇಲಿಂದ ಜೋರಾಗಿ ಎಣಿಸುತ್ತಿದ್ದ. ಬಾಗಿಲು ಮುಟ್ಟಿದಾಗ ಮೈಯೆಲ್ಲ ಬೆವರಿ, ಮೋಟು ಕಾಲಿನಿಂದ ರಕ್ತ ಬರುತ್ತಿತ್ತು. ಈಗ ದಿನಾ ನಡೆಯುತ್ತೇನೆ. ದಿನಾ ಬೀಳುತ್ತೇನೆ. ಖುಷಿಯಾಗಿದ್ದೇನೆ ಅಂತ ಬರೆದರೆ ಸುಳ್ಳಾಗುತ್ತದೆ. ಬೆಳಗ್ಗೆ ಎದ್ದಾಗ ಕಾಲು ಇದೆ ಅಂದುಕೊಂಡು ಕೆಳಗಿಳಿಯಲು ಹೋಗುತ್ತೇನೆ, ಆಮೇಲೆ ನೆನಪಾಗುತ್ತದೆ. ಉಪ್ಪುವಿನ ಅಮ್ಮ ನನ್ನ ಕಾಗದಕ್ಕೆ ಉತ್ತರ ಬರೆಯಲಿಲ್ಲ.

ವಸತಿಮನೆಯ ಪಟ್ಟಿಯಿಂದ ಹೆಸರು ತೆಗೆಸಿದ್ದೇನೆ. ಮೂವತ್ತನೇ ತಾರೀಕು ಬರುತ್ತೇನೆ. ಆಸ್ಪತ್ರೆಯವರು ಜೀಪಿನಲ್ಲಿ ಬಿಡುತ್ತೇವೆ ಅಂದರು, ಬೇಡ ಅಂದೆ. ಬೀದಿ ತುದಿಯವರೆಗೆ ಬಸ್ಸಿನಲ್ಲಿ ಬಂದು ಅಲ್ಲಿಂದ ನಡೆಯುತ್ತೇನೆ, ಎಷ್ಟು ಹೊತ್ತಾದರೂ ಸರಿ. ಯಾರೂ ಎದುರಿಗೆ ಬಂದು ಕೈ ಹಿಡಿಯಬಾರದು, ಅಪ್ಪನಿಗೆ ಮೊದಲೇ ಹೇಳಿಡು. ಅವರು ಅಂಗಡಿಯಲ್ಲಿ ಕೂತು ಕೆಲಸ ಮಾಡುತ್ತಿರಲಿ.

ಅವರು ಕೇಳಿದ್ದಕ್ಕೆ ಉತ್ತರ ನೀನೇ ಹೇಳಬೇಕು. ಬೂಟು ಸರಿಯಾಗಿದೆ, ಹೊಲಿಗೆ ಚೆನ್ನಾಗಿದೆ. ಕಿರುಬೆರಳು ಒತ್ತುತ್ತದೆ. ತುಂಬಾ ಒತ್ತುತ್ತದೆ ಅಪ್ಪ. ಮೊದಲಿನಿಂದಲೂ ಒತ್ತುತ್ತಿತ್ತು.

ಮೊಳೆ